ಬಡಾವಣೆಯ ಹಬ್ಬಕ್ಕೆ ಆದಿವಾಸಿ, ಜನಪದ ತಂಡಗಳನ್ನು ಕರೆಸುವವರಿಗೆ

ಬೆಂಗಳೂರಿನಲ್ಲಿ ಕನ್ನಡ ಸಂಘ ಇಲ್ಲದ ಬಡಾವಣೆ ಕಡಿಮೆ. ಅಪಾರ್ಟ್‌ಮೆಂಟುಗಳಲ್ಲೂ ಈಗ ರಾಜ್ಯೋತ್ಸವ, ಸಂಕ್ರಾಂತಿ ಜೋರಾಗಿಯೇ ನಡೆಯುತ್ತವೆ. ಆರ್ಕೆಸ್ಟ್ರಾ ಸಾಕು, ಈ ಸಲ ಜನಪದ ತಂಡ ಕರೆಸೋಣ ಅನ್ನುವ ಮಾತು ಸಮಿತಿ ಸಭೆಗಳಲ್ಲಿ ಕೇಳಿಬರುತ್ತಿದೆ. ಸಂತೋಷದ ವಿಷಯ. ಆದರೆ ಬಂದ ತಂಡದ ಪಾಡು ಏನಾಗುತ್ತದೆ ನೋಡಿ. ಅತಿಥಿಗಳ ಕಾರು ಬರುವಾಗ ಗೇಟಿನಲ್ಲಿ ಡೊಳ್ಳು. ಆಮೇಲೆ ಸ್ವಾಗತ, ಪ್ರಾಸ್ತಾವಿಕ ನುಡಿ, ಸನ್ಮಾನ, ಭಾಷಣ. ಅಷ್ಟರಲ್ಲಿ ಒಂಬತ್ತೂವರೆ ಆಗಿರುತ್ತದೆ. "ಊಟಕ್ಕೆ ಲೇಟಾಗ್ತಿದೆ, ಐದೇ ನಿಮಿಷದಲ್ಲಿ ಮುಗಿಸಿಬಿಡಿ" ಎಂದು ಯಾರೋ ವೇದಿಕೆಯ ಪಕ್ಕದಿಂದ ಕೈ ಮಾಡುತ್ತಾರೆ. ಇಡೀ ದಿನ ಬಸ್ಸಿನಲ್ಲಿ ಕೂತು ಬಂದವರು ಐದು ನಿಮಿಷ ಕುಣಿದು ಹೋಗುತ್ತಾರೆ.

ಅದನ್ನು ತಪ್ಪಿಸಲಿಕ್ಕೆ ಈ ಬರಹ. ನಾನು ಹೇಳುವುದು ಇಷ್ಟೇ: ಅವರನ್ನು ಕಾರ್ಯಕ್ರಮದ ಅಲಂಕಾರಕ್ಕೆ ಕರೆಸಬೇಡಿ, ಅವರನ್ನೇ ಕಾರ್ಯಕ್ರಮ ಮಾಡಿ. ತಾರೀಕು, ಜಾಗ, ಹಣ, ಮೈಕು ಎಲ್ಲವನ್ನೂ ಅವರ ಹಾಡಿಗೆ, ಕಥೆಗೆ ಹೊಂದುವ ಹಾಗೆ ಮೊದಲೇ ಇಟ್ಟುಕೊಳ್ಳಿ. ಮಿಕ್ಕಿದ್ದು ಅಷ್ಟು ಕಷ್ಟವಲ್ಲ.

1. ಯಾರನ್ನು ಕರೆಸಬೇಕು ಅಂತ ಮೊದಲು ತೀರ್ಮಾನಿಸಿ

ಒಂದೇ ಸಂಜೆಗೆ ಆರು ತಂಡ ಬೇಡ. ಎರಡು ಸಾಕು. ಒಂದು ಹಾಡು-ಕುಣಿತದ ತಂಡ, ಒಂದು ಕಥೆ ಹೇಳುವ ತಂಡ. ಇಬ್ಬರಿಗೂ ಪೂರ್ತಿ ಸಮಯ ಸಿಗುತ್ತದೆ, ನೋಡುವವರಿಗೂ ನೆನಪಿನಲ್ಲಿ ಉಳಿಯುತ್ತದೆ.

ಆಯ್ಕೆಗೆ ನಮ್ಮ ರಾಜ್ಯದಲ್ಲಿ ಕೊರತೆಯೇ ಇಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟದ ಸುತ್ತ ಸೋಲಿಗರಿದ್ದಾರೆ. ಅವರ ಗೊರುಕನ ಹಾಡು-ಕುಣಿತ ಗಂಡಸರು ಹೆಂಗಸರು ಸೇರಿ ಸುತ್ತು ಹಾಕಿ ಮಾಡುವಂಥದ್ದು. ಕಾಡಿನ ಪ್ರಾಣಿ, ಹಕ್ಕಿ, ಗಿಡ ಮರ ಎಲ್ಲ ಹಾಡಿನೊಳಗೆ ಬರುತ್ತವೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಸಿದ್ದಿ ಸಮುದಾಯವಿದೆ. ಅವರ ಹಿರಿಯರನ್ನು ಪೋರ್ಚುಗೀಸರು, ಅರಬ್ ವ್ಯಾಪಾರಿಗಳು ಆಫ್ರಿಕಾದಿಂದ ಇಲ್ಲಿಗೆ ತಂದರು. ಡಮಾಮಿ ಅನ್ನುವ ಚರ್ಮವಾದ್ಯದ ಸದ್ದಿಗೆ ಅವರು ಕುಣಿಯುತ್ತಾರೆ. ಅಂಕೋಲಾ, ಕುಮಟಾ ಕಡೆಯ ಹಾಲಕ್ಕಿ ಒಕ್ಕಲಿಗರದು ಸುಗ್ಗಿ ಕುಣಿತ. ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅವರಿಗೆ 2017ರಲ್ಲಿ ಪದ್ಮಶ್ರೀ ಬಂದಿತ್ತು. 2025ರಲ್ಲಿ ಅವರು ತೀರಿಕೊಂಡರು. ಅವರ ಜನರ ಹಾಡು ಇನ್ನೂ ಇದೆ, ಕೇಳುವವರು ಬೇಕು.

ಕಥೆಯ ಕಡೆ ಬಂದರೆ ಕಂಸಾಳೆ ಅನ್ನುವ ಕಂಚಿನ ತಾಳ ಹಿಡಿದು ಮಲೆ ಮಹದೇಶ್ವರನ ಕಥೆ ಹಾಡುವ ದೇವರಗುಡ್ಡರು, ಮಂಟೇಸ್ವಾಮಿ ಕಥೆ ಹಾಡುವ ನೀಲಗಾರರು ಬೆಂಗಳೂರಿಗೆ ಹತ್ತಿರದವರು. ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳಿಂದ ಬರುತ್ತಾರೆ. ತುಮಕೂರು, ಚಿತ್ರದುರ್ಗ ಕಡೆಯ ಕಾಡುಗೊಲ್ಲರು ಜುಂಜಪ್ಪನ ಕಥೆಯನ್ನು ಗಣೆ ಅನ್ನುವ ಉದ್ದನೆಯ ಬಿದಿರಿನ ವಾದ್ಯದ ಜೊತೆ ಹಾಡುತ್ತಾರೆ. ಮಕ್ಕಳು ಜಾಸ್ತಿ ಇದ್ದರೆ ತೊಗಲು ಗೊಂಬೆಯಾಟ ಬಹಳ ಚೆನ್ನ. ಕೊಪ್ಪಳ ಜಿಲ್ಲೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಇದೇ ಕಲೆಗೆ 2025ರಲ್ಲಿ ಪದ್ಮಶ್ರೀ ಬಂತು.

ಒಂದು ವಿಷಯ ಸಮಿತಿಗೆ ಗೊತ್ತಿರಲಿ. ಸೋಲಿಗರು, ಸಿದ್ದಿಯರು, ಜೇನುಕುರುಬರು ಆದಿವಾಸಿ ಸಮುದಾಯಗಳು. ಕಂಸಾಳೆ, ಡೊಳ್ಳು, ವೀರಗಾಸೆ ಬೇರೆ ಬೇರೆ ಸಮುದಾಯಗಳ ಜನಪದ ಕಲೆಗಳು. ಎಲ್ಲವನ್ನೂ ಒಟ್ಟಿಗೆ "ಟ್ರೈಬಲ್ ಡಾನ್ಸ್" ಅಂತ ಆಹ್ವಾನ ಪತ್ರಿಕೆಯಲ್ಲಿ ಹಾಕಬೇಡಿ. ಸಮುದಾಯದ ಹೆಸರು, ಕಲೆಯ ಹೆಸರು, ಊರಿನ ಹೆಸರು ಮೂರೂ ಇರಲಿ.

ಯಾವುದನ್ನು ಕರೆಸಬಾರದು ಅನ್ನುವುದೂ ಇಲ್ಲೇ ತೀರ್ಮಾನವಾಗಲಿ. ತುಳುನಾಡಿನ ಭೂತ ಕೋಲ ದೈವದ ಆರಾಧನೆ. ಅದನ್ನು ಕ್ಲಬ್ ಹೌಸ್ ಮುಂದೆ ಮಾಡಿಸುವುದು ಸರಿಯಲ್ಲ. ಸಿನಿಮಾ ನೋಡಿ ಬಂದ ಉತ್ಸಾಹದಲ್ಲಿ ಇಂಥ ಬೇಡಿಕೆ ಎಷ್ಟೋ ಕಡೆ ಏಳುತ್ತದೆ. ಆ ಕಡೆಯವರು ಇದಕ್ಕೆ ನೊಂದುಕೊಂಡಿದ್ದಾರೆ, ಬಹಿರಂಗವಾಗಿ ಹೇಳಿಯೂ ಇದ್ದಾರೆ. ಬೇರೆ ತಂಡಗಳ ವಿಷಯದಲ್ಲೂ ಅಷ್ಟೇ. "ಊರಲ್ಲಿ ಪೂಜೆಗೆ ಮಾತ್ರ ಮಾಡೋದು, ಇಲ್ಲಿ ಮಾಡಲ್ಲ" ಎಂದು ಅವರು ಅಂದರೆ ಅಲ್ಲಿಗೆ ಬಿಡಿ. ಒತ್ತಾಯ ಬೇಡ.

2. ತಾರೀಕು

ನವೆಂಬರ್ 1ರ ಹತ್ತಿರದ ಶನಿವಾರ, ಭಾನುವಾರ ಇಡೀ ನಗರಕ್ಕೆ ತಂಡಗಳು ಬೇಕು. ಒಂದೇ ದಿನ ಎರಡು ಮೂರು ಕಡೆ ಓಡುವ ತಂಡ ನಿಮ್ಮಲ್ಲಿ ನಿಂತು ಕಥೆ ಹೇಳುವುದಿಲ್ಲ. ನವೆಂಬರ್ ಕೊನೆಗೆ ಇಟ್ಟುಕೊಂಡರೆ ಎಲ್ಲರಿಗೂ ಆರಾಮ. ಆದಿವಾಸಿ ತಂಡವೇ ಮುಖ್ಯ ಅಂದರೆ ನವೆಂಬರ್ 15 ಒಳ್ಳೆಯ ದಿನ. ಬಿರ್ಸಾ ಮುಂಡಾ ಹುಟ್ಟಿದ ದಿನವಾದ ಅಂದು ದೇಶದಲ್ಲಿ ಜನಜಾತೀಯ ಗೌರವ ದಿನ ಆಚರಿಸುತ್ತಾರೆ. ಆದರೆ ಅಂದು ಅವರ ಊರಿನಲ್ಲೂ ಸರ್ಕಾರಿ ಕಾರ್ಯಕ್ರಮ ಇರಬಹುದು, ಕೇಳಿಕೊಳ್ಳಿ. ಆಗಸ್ಟ್ 9 ವಿಶ್ವ ಆದಿವಾಸಿ ದಿನ. ಮಳೆಗಾಲ, ಹಾಗಾಗಿ ಒಳಾಂಗಣ ಬೇಕು.

ಇದಕ್ಕಿಂತ ಮುಖ್ಯವಾದದ್ದು ಅವರ ಹಬ್ಬಗಳ ಕ್ಯಾಲೆಂಡರು. ಮಹದೇಶ್ವರ ಬೆಟ್ಟದಲ್ಲಿ ದೀಪಾವಳಿ, ಶಿವರಾತ್ರಿ, ಯುಗಾದಿಗೆ ಜಾತ್ರೆ. ಆ ಹೊತ್ತಿನಲ್ಲಿ ಕಂಸಾಳೆಯವರು ಬೆಟ್ಟದಲ್ಲಿರಬೇಕು. ನೀಲಗಾರರಿಗೆ ಜನವರಿಯ ಸುಮಾರಿಗೆ ಬರುವ ಚಿಕ್ಕಲ್ಲೂರು ಜಾತ್ರೆ ದೊಡ್ಡದು. ಹಾಲಕ್ಕಿಗಳು ಹೋಳಿ ಹುಣ್ಣಿಮೆ ಹೊತ್ತಿಗೆ ಸುಗ್ಗಿ ಕುಣಿತಕ್ಕೆ ಮನೆ ಮನೆ ತಿರುಗುತ್ತಿರುತ್ತಾರೆ. ದುಡ್ಡಿನ ಆಸೆ ತೋರಿಸಿ ಜಾತ್ರೆ ಬಿಡಿಸಿ ಕರೆತರುವುದು ಒಳ್ಳೆಯದಲ್ಲ. ಎರಡು ಮೂರು ತಿಂಗಳು ಮುಂಚೆ ಫೋನ್ ಮಾಡಿ, ಯಾವಾಗ ಬಿಡುವಿದೆ ಎಂದು ಅವರನ್ನೇ ಕೇಳಿ, ನಿಮ್ಮ ತಾರೀಕನ್ನು ಅದಕ್ಕೆ ಹೊಂದಿಸಿಕೊಳ್ಳಿ.

3. ಸಂಪರ್ಕ ಎಲ್ಲಿಂದ?

ಜೆ.ಸಿ. ರಸ್ತೆಯ ಕನ್ನಡ ಭವನದಿಂದ ಶುರು ಮಾಡಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ, ಕರ್ನಾಟಕ ಜಾನಪದ ಅಕಾಡೆಮಿ ಎರಡೂ ಅಲ್ಲೇ ಇವೆ. ಜಿಲ್ಲೆಗಳಲ್ಲೂ ಇಲಾಖೆಯ ಕಚೇರಿಗಳಿವೆ. ಅಲ್ಲಿನವರಿಗೆ ತಮ್ಮ ಜಿಲ್ಲೆಯ ತಂಡಗಳು ಹೆಸರು ಹಿಡಿದು ಗೊತ್ತಿರುತ್ತವೆ.

ಸಮಿತಿಯವರು ಒಂದು ಭಾನುವಾರ ಮಕ್ಕಳ ಜೊತೆ ಜಾನಪದ ಲೋಕಕ್ಕೆ ಹೋಗಿ ಬನ್ನಿ. ಮೈಸೂರು ರಸ್ತೆಯಲ್ಲಿ ರಾಮನಗರ ದಾಟಿದ ಮೇಲೆ ಸಿಗುತ್ತದೆ. ಎಚ್.ಎಲ್. ನಾಗೇಗೌಡರು ಕಟ್ಟಿದ್ದು. ವಾದ್ಯಗಳು, ಗೊಂಬೆಗಳು, ವೇಷಗಳನ್ನು ಕಣ್ಣಾರೆ ನೋಡಿದ ಮೇಲೆ ಏನು ಕರೆಸಬೇಕು ಅನ್ನುವ ಮಾತು ಸಲೀಸಾಗುತ್ತದೆ. ಇಲ್ಲದಿದ್ದರೆ ಸಭೆಯಲ್ಲಿ ಎಲ್ಲರಿಗೂ ಗೊತ್ತಿರುವುದು ಡೊಳ್ಳು ಒಂದೇ.

ಈವೆಂಟ್ ಮ್ಯಾನೇಜ್‌ಮೆಂಟಿನವರ ಮೂಲಕ ಕರೆಸಬಹುದು, ತಪ್ಪೇನಿಲ್ಲ. ಆದರೆ ಒಂದು ಶರತ್ತು ಹಾಕಿ: ತಂಡದ ಮುಖ್ಯಸ್ಥರ ಜೊತೆ ನಾವೇ ಫೋನಿನಲ್ಲಿ ಮಾತಾಡಬೇಕು, ಅವರ ಕೈಗೆ ಎಷ್ಟು ಸೇರುತ್ತದೆ ಅನ್ನುವುದು ನಮಗೆ ತಿಳಿಯಬೇಕು. ಅದಕ್ಕೆ ಒಪ್ಪದವರನ್ನು ಬಿಟ್ಟುಬಿಡಿ.

ಮೊದಲ ಫೋನಿನಲ್ಲಿ "ಎಷ್ಟು ತಗೋತೀರಾ?" ಅನ್ನುವುದು ಬೇಡ. ನಾವು ಯಾರು, ಎಷ್ಟು ಜನ ನೋಡುತ್ತಾರೆ, ಯಾಕೆ ಕರೆಯುತ್ತಿದ್ದೇವೆ ಹೇಳಿ. ಆಮೇಲೆ ಕೇಳಿ: "ಅಣ್ಣಾ, ನಿಮಗೆ ಇಷ್ಟವಾಗಿ ಹಾಡೋದು ಯಾವುದು? ಎಷ್ಟು ಹೊತ್ತು ಬೇಕು? ಎಷ್ಟು ಜನ ಬಂದರೆ ಸರಿಯಾಗಿ ಆಗುತ್ತೆ?" ಹಿರಿಯ ಹೆಂಗಸರಾದರೆ "ಅವ್ವಾ" ಅಂತಲೋ "ಅಮ್ಮಾ" ಅಂತಲೋ ಮಾತಾಡಿಸಿ. ಈ ಮೂರು ಪ್ರಶ್ನೆಗೆ ಸಿಗುವ ಉತ್ತರದಲ್ಲೇ ನಿಮ್ಮ ಅರ್ಧ ಕಾರ್ಯಕ್ರಮ ತಯಾರಾಗಿರುತ್ತದೆ.

4. ಹಣದ ಮಾತು

ಇದನ್ನು ಬಾಯಿಬಿಟ್ಟು, ಸ್ಪಷ್ಟವಾಗಿ ಆಡಿ. ಸಂಭಾವನೆಯನ್ನು ವೇದಿಕೆ ಮೇಲಿನ ನಿಮಿಷಕ್ಕೆ ಲೆಕ್ಕ ಹಾಕಬೇಡಿ. ಪೋಡಿನಲ್ಲಿ, ಅಂದರೆ ತಮ್ಮ ಹಟ್ಟಿಯಲ್ಲಿ ಇರುವ ಸೋಲಿಗ ತಂಡ ಬಸ್ಸು ಸಿಗುವ ಕಡೆ ಬಂದು, ಚಾಮರಾಜನಗರವೋ ಕೊಳ್ಳೇಗಾಲವೋ ತಲುಪಿ, ಅಲ್ಲಿಂದ ಬೆಂಗಳೂರಿನ ಬಸ್ಸು ಹಿಡಿಯಬೇಕು. ಹೋಗಿ ಬರುವ ದಿನ ಸೇರಿದರೆ ಎರಡು ಮೂರು ದಿನದ ಕೂಲಿ ಹೋಯಿತು. ಹಾಗಾಗಿ ತಲೆಗೆ ಇಷ್ಟು ದಿನದ ಕೂಲಿ, ಅದರ ಮೇಲೆ ಕಲೆಗೆ ಗೌರವಧನ, ಪ್ರಯಾಣ, ಊಟ, ಉಳಿಯುವ ಜಾಗ ಎಂದು ಬೇರೆ ಬೇರೆ ಬರೆದುಕೊಳ್ಳಿ. ವಾದ್ಯಗಳನ್ನು ಬಸ್ಸಿನಲ್ಲಿ ತರಲು ಲಗೇಜಿನ ಖರ್ಚು ಇರುತ್ತದೆ, ಅದೂ ಸೇರಲಿ. ಡೊಳ್ಳಿನ ತಂಡವಾದರೆ ಒಂದು ಟೆಂಪೊ ಟ್ರಾವೆಲರ್ ಮಾಡಿಕೊಟ್ಟುಬಿಡುವುದೇ ಮೇಲು.

ಸ್ವಲ್ಪ ಮುಂಗಡ ಕಳಿಸಿ. ಟಿಕೆಟ್ಟಿಗೆ ಅವರು ಸಾಲ ಮಾಡುವ ಹಾಗೆ ಆಗಬಾರದು. ಉಳಿದದ್ದನ್ನು ಕಾರ್ಯಕ್ರಮ ಮುಗಿದ ರಾತ್ರಿಯೇ ಕೊಡಿ. "ಖಜಾಂಚಿ ಊರಲ್ಲಿಲ್ಲ, ಸೋಮವಾರ ಹಾಕ್ತೀವಿ" ಅನ್ನುವ ಮಾತು ಬರಲೇಬಾರದು. ಎಲ್ಲ ಹಣ ಮುಖ್ಯಸ್ಥರ ಖಾತೆಗೋ, ಒಬ್ಬೊಬ್ಬರಿಗೆ ಬೇರೆಯೋ ಅನ್ನುವುದನ್ನು ತಂಡದ ಎದುರಿಗೇ ಮಾತಾಡಿಕೊಳ್ಳಿ. ಶಾಲು, ಹಾರ, ಹಣ್ಣಿನ ಬುಟ್ಟಿ ಕೊಡುವುದಿದ್ದರೆ ಕೊಡಿ, ಸಂತೋಷ. ಅದು ಸಂಭಾವನೆಯ ಲೆಕ್ಕಕ್ಕೆ ಬರುವುದಿಲ್ಲ.

5. ಜಾಗ, ಅನುಮತಿ

ಗೊರುಕನದಂಥ ಸುತ್ತು ಕುಣಿತಕ್ಕೆ ವೇದಿಕೆ ಬೇಡ. ಮರದ ಹಲಗೆಯ ವೇದಿಕೆ ಮೇಲೆ ಹತ್ತಿಸಿದರೆ ಸುತ್ತು ಚಿಕ್ಕದಾಗುತ್ತದೆ, ಅರ್ಧ ಜನ ನೋಡುವವರಿಗೆ ಬೆನ್ನು ಹಾಕಿದಂತೆ ಕಾಣುತ್ತಾರೆ. ನೆಲದ ಮೇಲೆ, ಪಾರ್ಕಿನಲ್ಲೋ ಆಟದ ಮೈದಾನದಲ್ಲೋ, ಸುತ್ತ ಜನ ಕೂರುವ ಹಾಗೆ ಮಾಡಿ. ಬರಿಗಾಲಲ್ಲಿ ಕುಣಿಯುತ್ತಾರೆ. ಬೆಳಗ್ಗೆಯೇ ಗಾಜಿನ ಚೂರು, ಜಲ್ಲಿ, ಮುಳ್ಳು ಆರಿಸಿ ಗುಡಿಸಿಸಿ. ಬಿಸಿಲಿಗೆ ಕಾದ ಕಾಂಕ್ರೀಟು, ಟೈಲ್ಸಿನ ಮೇಲೆ ಮಧ್ಯಾಹ್ನ ಕುಣಿಸಬೇಡಿ.

ಬೀಸು ಕಂಸಾಳೆಗೆ ಸುತ್ತ ಜಾಗ ಬೇಕು. ಎಡಗೈಯಲ್ಲಿ ಬಟ್ಟಲಿನಾಕಾರದ ತಾಳ, ಬಲಗೈಯಲ್ಲಿ ದಾರ ಕಟ್ಟಿದ ಚಪ್ಪಟೆ ತಾಳ. ಆ ದಾರ ಹಿಡಿದು ಕಂಚಿನ ತಾಳವನ್ನು ತಲೆಯ ಮೇಲೆ, ಬೆನ್ನ ಹಿಂದೆ ಬೀಸುತ್ತಾ ಪಕ್ಕದವರ ಬಟ್ಟಲಿಗೆ ತಾಗಿಸುತ್ತಾರೆ. ಮುಂದಿನ ಸಾಲಿನ ಮಕ್ಕಳನ್ನು ಹತ್ತು ಅಡಿ ಹಿಂದೆ ಕೂರಿಸಿ, ಹಗ್ಗ ಕಟ್ಟಿ. ಡೊಳ್ಳನ್ನು ಮುಚ್ಚಿದ ಹಾಲಿನಲ್ಲಿ, ಬೇಸ್‌ಮೆಂಟಿನಲ್ಲಿ ಬಾರಿಸಿದರೆ ಕಿವಿ ತಡೆಯುವುದಿಲ್ಲ. ಹೊರಗೇ ಇರಲಿ. ಹಸುಗೂಸು, ವಯಸ್ಸಾದವರು, ನಾಯಿ ಇರುವ ಮನೆಗಳಿಗೆ ಹೊತ್ತು ಮೊದಲೇ ತಿಳಿಸಿ.

ತೊಗಲು ಗೊಂಬೆಗೆ ಕತ್ತಲೆ ಬೇಕು. ಬಿಳಿ ಪರದೆಯ ಹಿಂದಿನ ದೀಪ ಮಾತ್ರ ಉರಿಯಬೇಕು. ಅಪಾರ್ಟ್‌ಮೆಂಟಿನ ಹೈಮಾಸ್ಟ್ ದೀಪದ ಸ್ವಿಚ್ ಎಲ್ಲಿದೆ, ಯಾರ ಹತ್ತಿರ ಬೀಗದ ಕೈ ಇದೆ ಎಂದು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.

ಪಾರ್ಕು, ಮೈದಾನ ಪಾಲಿಕೆಯದಾದರೆ ಪಾಲಿಕೆಯ ಅನುಮತಿ, ಧ್ವನಿವರ್ಧಕಕ್ಕೆ ನಿಮ್ಮ ಠಾಣೆಯ ಪೊಲೀಸರ ಅನುಮತಿ ಬೇಕು. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಹೊರಗೆ ಮೈಕು, ವಾದ್ಯ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ಹತ್ತಿರ ಆಸ್ಪತ್ರೆ, ಶಾಲೆ ಇದ್ದರೆ ಇನ್ನೂ ಎಚ್ಚರ. ಹೀಗಾಗಿ ಸಂಜೆ ಐದಕ್ಕೇ ಕುಣಿತ ಶುರುವಾಗಲಿ, ಕತ್ತಲಾದ ಮೇಲೆ ಕಥೆ. ಮೊದಲು ದೊಡ್ಡ ಸದ್ದು, ಆಮೇಲೆ ಮೆಲ್ಲನೆಯ ಸದ್ದು. ನೆರೆಯವರಿಗೂ ಇದೇ ಒಳ್ಳೆಯದು.

6. ಬೆಂಕಿ ಮತ್ತು ಮೈಕು

ತಮಟೆ ಇರುವ ತಂಡ ಬಂದರೆ ಬೆಂಕಿಗೆ ಜಾಗ ಮಾಡಿಕೊಡಲೇಬೇಕು. ಇದು ಎಷ್ಟೋ ಸಂಘಟಕರಿಗೆ ಹೊಳೆಯುವುದೇ ಇಲ್ಲ. ತಣ್ಣನೆ ಗಾಳಿಗೆ, ಇಬ್ಬನಿಗೆ ಚರ್ಮ ಸಡಿಲವಾಗುತ್ತದೆ. ಬಡಿದರೆ ದಬ್ ಅನ್ನುತ್ತದೆ. ಬಾರಿಸುವವರು ಒಣಹುಲ್ಲಿಗೋ ಕಾಗದಕ್ಕೋ ಬೆಂಕಿ ಹಾಕಿ, ತಮಟೆಯನ್ನು ಉರಿಗೆ ಹಿಡಿದು ಮೆಲ್ಲಗೆ ತಿರುಗಿಸುತ್ತಾರೆ. ನಡುನಡುವೆ ಬೆರಳಲ್ಲಿ ತಟ್ಟಿ ಕಿವಿಗೊಡುತ್ತಾರೆ. ಚರ್ಮ ಬಿಗಿದು ಟಣ್ ಎಂದ ಮೇಲೆ ಎದ್ದು ನಿಲ್ಲುತ್ತಾರೆ. ಒಂದು ಕೈಯಲ್ಲಿ ಗಿಡ್ಡ ಕೋಲು, ಇನ್ನೊಂದರಲ್ಲಿ ತೆಳುವಾದ ಉದ್ದ ಕೋಲು. ನವೆಂಬರಿನ ಬೆಂಗಳೂರಿನ ಚಳಿಯಲ್ಲಿ ಮತ್ತೆ ಮತ್ತೆ ಕಾಯಿಸಬೇಕಾಗುತ್ತದೆ.

ಇಲ್ಲಿ ಸೆಕ್ಯುರಿಟಿಯವರು ಓಡಿ ಬಂದು ನೀರು ಸುರಿದರೆ ಎಲ್ಲ ಕೆಟ್ಟಿತು. ಮೊದಲೇ ಹೀಗೆ ಮಾಡಿ: ಕಾರು, ಒಣಹುಲ್ಲು, ಶಾಮಿಯಾನದಿಂದ ದೂರ ಒಂದು ಮೂಲೆ ಆರಿಸಿ. ದೊಡ್ಡ ಕಬ್ಬಿಣದ ಬಾಣಲೆಗೆ ಮರಳು ಹಾಕಿ ಇಡಿ. ಪಕ್ಕದಲ್ಲಿ ಒಣಹುಲ್ಲು, ಹಳೆ ಪೇಪರು, ಒಂದು ಬಕೆಟ್ ನೀರು. ಮ್ಯಾನೇಜರಿಗೂ ಸೆಕ್ಯುರಿಟಿಗೂ ಹೇಳಿಡಿ. ಸಮಿತಿಯ ಒಬ್ಬರು ಅಲ್ಲೇ ನಿಂತಿರಲಿ. ಮಕ್ಕಳನ್ನು ದೂರದಿಂದ ಇದನ್ನು ನೋಡಲು ಬಿಡಿ. ವಾದ್ಯಕ್ಕೆ ಜೀವ ಬರುವ ಹೊತ್ತು ಅದು, ನೋಡಬೇಕು.

ತಮಟೆ, ಡೊಳ್ಳು, ಡಮಾಮಿಗೆ ಮೈಕು ಬೇಡವೇ ಬೇಡ. ಕಥೆ ಹೇಳುವವರಿಗೆ ಬೇಕೇ ಬೇಕು. ಕಥೆಗಾರರಿಗೆ ಒಂದು, ಅವರ ತಂಬೂರಿಗೆ ತಗ್ಗಿಸಿಟ್ಟ ಒಂದು, ಸೊಲ್ಲು ಹೇಳುವ ಹಿಮ್ಮೇಳದವರಿಗೆ ಒಂದಾದರೂ ಇರಲಿ. ಹಿಮ್ಮೇಳದ ಮೈಕು ಉಳಿತಾಯ ಮಾಡಿದರೆ ಅರ್ಧ ಕಥೆಯೇ ಕೇಳುವುದಿಲ್ಲ. ಮುಂದಿನವರು ಎಳೆದ ಸಾಲನ್ನು ಹಿಂದಿನವರು ಹಿಡಿದು ಮುಗಿಸುವುದರಲ್ಲೇ ಈ ಹಾಡಿನ ಓಟ ಇದೆ. ಗಣೆಯ ಸದ್ದು ಇನ್ನೂ ಮೆಲ್ಲನೆಯದು. ಜನ ಗಪ್‌ಚಿಪ್ ಕೂತಿರಬೇಕು. ಮೈಕಿನ ಹುಡುಗನಿಗೆ "ಎಕೋ ಹಾಕಬೇಡಪ್ಪ" ಎಂದು ಎರಡು ಸಲ ಹೇಳಿ. ಆರ್ಕೆಸ್ಟ್ರಾ ಅಭ್ಯಾಸದಲ್ಲಿ ಹಾಕಿಬಿಡುತ್ತಾರೆ, ಮಾತು ಒಂದೂ ತಿಳಿಯುವುದಿಲ್ಲ.

7. ಕಥೆಗೆ ಹೊತ್ತು ಕೊಡಿ

ಇಡೀ ಸಂಜೆಯಲ್ಲಿ ನನಗೆ ತೀರಾ ಮುಖ್ಯ ಅನ್ನಿಸುವುದು ಇದು. ಮಂಟೇಸ್ವಾಮಿ ಕಥೆ, ಮಹದೇಶ್ವರನ ಕಥೆ ರಾತ್ರಿಯಿಡೀ ಹಾಡುವಂಥವು. ಒಂದು ರಾತ್ರಿಗೆ ಮುಗಿಯುವುದೂ ಇಲ್ಲ. ಅದನ್ನು ಹತ್ತು ನಿಮಿಷಕ್ಕೆ ಕತ್ತರಿಸಿ ಅಂದರೆ ಹಾಡುವವರು ಏನು ಮಾಡಬೇಕು? ದೇವರ ಹೆಸರು ಹೇಳಿ, ಎರಡು ಸಾಲು ಹಾಡಿ ಇಳಿಯುತ್ತಾರೆ. ಕಥೆ ಶುರುವೇ ಆಗಿರುವುದಿಲ್ಲ.

ಅದರ ಬದಲು ಒಂದು ಭಾಗವನ್ನು ಪೂರ್ತಿ ಕೇಳಿ. ಮಹದೇಶ್ವರನ ಕಥೆ ಸಾಲು ಅನ್ನುವ ಭಾಗಗಳಾಗಿ ಇದೆ. ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಸಂಕಮ್ಮನ ಸಾಲು ಹೀಗೆ. ನಿಮ್ಮ ಕಾರ್ಯಕ್ರಮಕ್ಕೆ ಸೋಲಿಗ ತಂಡವೂ ಬರುತ್ತಿದ್ದರೆ ಸಂಕಮ್ಮನ ಸಾಲು ಕೇಳಿಸಿ. ಸಂಕಮ್ಮನ ಗಂಡ ನೀಲೇಗೌಡ ಸೋಲಿಗರವನು. ಕಾಡಿಗೆ ಹೊರಡುವ ಮುಂಚೆ ಹೆಂಡತಿಯ ನಡತೆಗೆ ಭಾಷೆ ಕೊಡು ಎಂದು ಹಟ ಹಿಡಿಯುತ್ತಾನೆ. ಅವಳು ಕೊಡುವುದಿಲ್ಲ. ಅದಕ್ಕೆ ಅವಳು ಪಡುವ ಹಿಂಸೆ, ಮಾದಪ್ಪ ಅಂದರೆ ಮಹದೇಶ್ವರ ಬಂದು ಕಾಪಾಡುವುದು, ಅವಳಿಗೆ ಕಾರಯ್ಯ ಬಿಲ್ಲಯ್ಯ ಅನ್ನುವ ಮಕ್ಕಳು ಹುಟ್ಟುವುದು ಎಲ್ಲ ಆ ಸಾಲಿನಲ್ಲಿದೆ. ಹೆಂಗಸರು ಕಣ್ಣೊರೆಸಿಕೊಳ್ಳುತ್ತಾ ಕೇಳುವ ಕಥೆ. ಹಿಂಸೆಯ ಭಾಗ ಜೋರಾಗಿಯೇ ಇದೆ, ಚಿಕ್ಕ ಮಕ್ಕಳಿದ್ದಾರೆ ಎಂದು ಹಾಡುವವರಿಗೆ ಮೊದಲೇ ತಿಳಿಸಿ. ಹೇಗೆ ಹೇಳಬೇಕು ಅಂತ ಅವರಿಗೆ ಗೊತ್ತು. ನೀಲಗಾರರು ಬಂದರೆ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿ ಹಲಗೂರಿನ ಪಾಂಚಾಳರ, ಅಂದರೆ ಕಮ್ಮಾರರ ಹತ್ತಿರ ಕಬ್ಬಿಣದ ಭಿಕ್ಷೆ ಕೇಳಲು ಹೋಗುವ ಭಾಗ ಕೇಳಿ. ಅದು ಮಕ್ಕಳಿಗೂ ಹಿಡಿಸುತ್ತದೆ.

ಮುಕ್ಕಾಲು ಗಂಟೆಯಾದರೂ ಬಿಟ್ಟುಕೊಡಿ. ಒಂದು ಗಂಟೆ ಆದರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ ಕುರ್ಚಿಯ ಸಾಲು ತೆಗೆದು ಜಮಖಾನ ಹಾಸಿ, ಕುರ್ಚಿ ಬೇಕಾದವರಿಗೆ ಹಿಂದೆ ಇಡಿ. ಊಟ ಕಥೆಗೆ ಮುಂಚೆ ಆಗಿಬಿಡಲಿ. ಒಗ್ಗರಣೆಯ ವಾಸನೆ ಬರುತ್ತಿದ್ದರೆ ಯಾರೂ ಕಥೆ ಕೇಳುವುದಿಲ್ಲ, ಅಲ್ವಾ?

ನಗರದ ಮಕ್ಕಳಿಗೆ ಆ ಕಡೆಯ ಮಾತು ಪೂರ್ತಿ ತಿಳಿಯದೆ ಇರಬಹುದು. ಅದಕ್ಕೆ ಕಥೆಯನ್ನು ನಿಲ್ಲಿಸಿ ನಿಲ್ಲಿಸಿ ಯಾರೋ ಅರ್ಥ ಹೇಳುವುದು ಬೇಡ. ಶುರುವಿಗೆ ಮುಂಚೆ ಎರಡು ನಿಮಿಷ ಯಾರು ಯಾರಿಗೆ ಏನಾಗಬೇಕು ಎಂದು ಹೇಳಿಬಿಡಿ. ಮಿಕ್ಕಿದ್ದನ್ನು ಹಾಡು ನೋಡಿಕೊಳ್ಳುತ್ತದೆ.

8. ನಿರೂಪಣೆ, ನಡವಳಿಕೆ

ನಿರೂಪಣೆ ಮಾಡುವವರು ತಂಡದ ಜೊತೆ ಮಧ್ಯಾಹ್ನವೇ ಕೂತು ಒಬ್ಬೊಬ್ಬರ ಹೆಸರು, ಊರು, ಯಾರಿಂದ ಕಲಿತದ್ದು ಬರೆದುಕೊಳ್ಳಲಿ. ಸೋಲಿಗರ ಹಟ್ಟಿಗೆ ಪೋಡು ಅನ್ನುತ್ತಾರೆ, ಜೇನುಕುರುಬರದಕ್ಕೆ ಹಾಡಿ. ಆ ಮಾತುಗಳನ್ನೇ ಬಳಸಿ. "ಕಾಡಿನ ಮುಗ್ಧ ಜನ", "ನಾಗರಿಕತೆಯಿಂದ ದೂರ ಇರುವವರು" ಇವೆಲ್ಲ ಬೇಡ. ಹೇಳುವುದಾದರೆ ಇದನ್ನು ಹೇಳಿ: ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯಡಿ ಕಾಡಿನ ಮೇಲೆ ಸಮುದಾಯದ ಹಕ್ಕು ಪಡೆದರು. ಹುಲಿ ರಕ್ಷಿತ ಪ್ರದೇಶವೊಂದರೊಳಗೆ ಹೀಗೆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದು ಮೊದಲು. ಅದೇ ಕಾಡಿನ ಹಾಡನ್ನು ಅವರು ಹಾಡುತ್ತಿರುವುದು.

ತಮಟೆಯವರ ವಿಷಯದಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಊರಿನಲ್ಲಿ ಜಾತಿಯ ಕಾರಣಕ್ಕೆ ಅವರನ್ನು ಹೊರಗೇ ನಿಲ್ಲಿಸಿ ಬಾರಿಸುವ ಪದ್ಧತಿ ಇತ್ತು, ಕೆಲವು ಕಡೆ ಇನ್ನೂ ಇದೆ. ಅದು ನಮ್ಮ ಬಡಾವಣೆಯಲ್ಲಿ ಬೇರೆ ರೂಪದಲ್ಲಿ ಬರಬಾರದು. ಗೇಟಿನ ಹೊರಗೆ ಕಾಯಿಸುವುದು, ಕೊನೆಯ ಪಂಕ್ತಿಗೆ ಊಟ, ಬೇರೆ ತಟ್ಟೆ, ಏಕವಚನದ ಮಾತು, ಯಾವುದೂ ಕೂಡದು. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆ ಬಾರಿಸಿದ್ದಕ್ಕೇ 2023ರಲ್ಲಿ ಪದ್ಮಶ್ರೀ ಬಂದಿದೆ. ನಿಮ್ಮ ಅಧ್ಯಕ್ಷರು, ಅತಿಥಿಗಳು ಕೂರುವ ಸಾಲಿನಲ್ಲೇ ಕಲಾವಿದರೂ ಕೂತು ಉಣ್ಣಲಿ.

ವೇಷ ಹಾಕುವ ಕೋಣೆ ಬೇಸ್‌ಮೆಂಟಿನ ಜನರೇಟರ್ ಪಕ್ಕ ಬೇಡ. ಕ್ಲಬ್ ಹೌಸಿನಲ್ಲೇ ಕೊಡಿ. ಕನ್ನಡಿ, ಫ್ಯಾನು, ಕುಡಿಯುವ ನೀರು, ಹತ್ತಿರದಲ್ಲೇ ಶೌಚಾಲಯ, ಒಳಗಿನಿಂದ ಚಿಲಕ. ಹೆಂಗಸರಿಗೆ ಬೇರೆ ಕೋಣೆ. ಜೋಗತಿ ನೃತ್ಯದ ತಂಡ ಬಂದರೆ ಅವರಲ್ಲಿ ಟ್ರಾನ್ಸ್‌ಜೆಂಡರ್ ಕಲಾವಿದರು ಇರುತ್ತಾರೆ. ಯಾವ ಕೋಣೆ ಬೇಕು ಎಂದು ಅವರನ್ನೇ ಕೇಳಿ, ಕಾವಲಿಗೆ ಒಬ್ಬರನ್ನು ನಿಲ್ಲಿಸಿ. ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದ, 2021ರ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಕಲೆ ಇದು. ಗುಸುಗುಸು, ಕದ್ದು ಫೋಟೊ ತೆಗೆಯುವುದು ನಡೆಯದಂತೆ ನೋಡಿಕೊಳ್ಳುವುದು ಸಂಘಟಕರ ಕೆಲಸ.

ನಮ್ಮ ಮಕ್ಕಳಿಗೆ ಮುಖಕ್ಕೆ ಮಸಿ ಬಳಿದು, ಸೊಪ್ಪು ಕಟ್ಟಿ "ಆದಿವಾಸಿ ನೃತ್ಯ" ಮಾಡಿಸುವುದನ್ನು ದಯವಿಟ್ಟು ನಿಲ್ಲಿಸಿ. ಆ ಸಮುದಾಯದವರು ಎದುರು ಕೂತಿರುವಾಗ ಅಂತೂ ಅದು ಅವಮಾನ. ಕರಾವಳಿಯ ಆದಿವಾಸಿಗಳಾದ ಕೊರಗರನ್ನು ಹೀಗೆ ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದ ಅಜಲು ಪದ್ಧತಿಯನ್ನು ಕರ್ನಾಟಕ 2000ದಲ್ಲಿ ಕಾನೂನು ಮಾಡಿಯೇ ನಿಷೇಧಿಸಬೇಕಾಯಿತು. ಮಕ್ಕಳಿಗೆ ಆಸೆ ಇದ್ದರೆ ಕುಣಿತ ಮುಗಿದ ಮೇಲೆ ತಂಡದವರೇ ಎರಡು ಹೆಜ್ಜೆ ಹೇಳಿಕೊಡಲಿ. ಅವರ ಜೊತೆ ಸುತ್ತಿನಲ್ಲಿ ಸೇರಿ, ತಮ್ಮ ಬಟ್ಟೆಯಲ್ಲೇ ಕುಣಿಯಲಿ. ಇದಕ್ಕೆ ಹತ್ತು ಹದಿನೈದು ನಿಮಿಷ ಇಟ್ಟುಕೊಳ್ಳಿ. ಸುತ್ತು ಕುಣಿತದಲ್ಲಿ ಎಷ್ಟು ಜನ ಸೇರಿದರೂ ಜಾಗ ಆಗುತ್ತದೆ.

ಭಾಷಣ ಎಲ್ಲ ಸೇರಿ ಹದಿನೈದು ನಿಮಿಷ. ಶುರುವಿನಲ್ಲೇ ಮುಗಿಸಿ. ಅತಿಥಿ ತಡವಾಗಿ ಬಂದರೆ ಬಂದು ಕೂತು ಕೇಳಲಿ, ಕಥೆ ನಿಲ್ಲುವುದು ಬೇಡ.

9. ವಿಡಿಯೊ

ಮೊದಲೇ ಕೇಳಿ. ಎಲ್ಲ ಹಾಡನ್ನೂ ಚಿತ್ರೀಕರಿಸಲು ಅವರು ಒಪ್ಪದೆ ಇರಬಹುದು. ಒಪ್ಪಿದರೆ ಒಬ್ಬರೇ ಚೆನ್ನಾಗಿ ತೆಗೆಯಲಿ, ಉಳಿದವರು ಫೋನು ಕೆಳಗಿಡಲಿ. ಹಾಕುವಾಗ ಹಾಡಿದವರ, ಸಮುದಾಯದ, ಊರಿನ ಹೆಸರು ಇರಬೇಕು. ಹಿಂದೆ ಬೇರೆ ಸಂಗೀತ ಸೇರಿಸಿ ರೀಲ್ಸ್ ಮಾಡಬೇಡಿ. ಪೂರ್ತಿ ವಿಡಿಯೊವನ್ನು ತಂಡಕ್ಕೂ ಕಳಿಸಿ. ಮುಂದಿನ ಕಾರ್ಯಕ್ರಮ ಹಿಡಿಯಲು ಅವರಿಗೆ ಅದು ಬೇಕಾಗುತ್ತದೆ.

10. ನಿಮ್ಮ ಕಟ್ಟಡದಲ್ಲೇ ಇರುವವರು

ಹಣ ಕಡಿಮೆ ಇರುವ ಸಂಘಗಳಿಗೆ ಇದನ್ನು ಹೇಳುತ್ತಿದ್ದೇನೆ. ಹಣ ಇರುವವರೂ ಮಾಡಬಹುದು. ಬೆಂಗಳೂರಿನ ಯಾವ ಅಪಾರ್ಟ್‌ಮೆಂಟಿನಲ್ಲಿ ನೋಡಿದರೂ ರಾಯಚೂರು, ಕಲಬುರಗಿ, ಯಾದಗಿರಿ ಕಡೆಯಿಂದ ಬಂದು ಹೌಸ್‌ಕೀಪಿಂಗ್, ಗಾರೆ ಕೆಲಸ ಮಾಡುವವರಿದ್ದಾರೆ. ಅವರಲ್ಲಿ ಸೋಬಾನೆ ಪದ, ಬೀಸುವ ಪದ, ಗೀಗಿ ಪದ ಬಲ್ಲವರು ಇರುತ್ತಾರೆ. ಮಕ್ಕಳ ಮನೆಗೆ ಬಂದು ಉಳಿದಿರುವ ಅಜ್ಜಿಯರಿಗೂ ಗೊತ್ತಿರುತ್ತದೆ, ಯಾರೂ ಕೇಳಿರುವುದಿಲ್ಲ. ಕಾರ್ಯಕ್ರಮಕ್ಕೆ ಹದಿನೈದು ದಿನ ಮುಂಚೆ ಒಂದು ಮಧ್ಯಾಹ್ನ ಟೀ ಇಟ್ಟು ಕೂರಿಸಿ, ಸುಮ್ನೆ ಹಾಡಿಸಿ ನೋಡಿ. ಮೊದಲು "ಅಯ್ಯೋ, ನಂಗೇನ್ ಬರ್ತೈತಿ ಅಕ್ಕಾ" ಅನ್ನುತ್ತಾರೆ. ಒಬ್ಬರು ಎತ್ತಿಕೊಟ್ಟರೆ ಇನ್ನೊಬ್ಬರು ಹಿಡಿಯುತ್ತಾರೆ.

ಕೆಲಸದವರು ಅನ್ನುವ ಕಾರಣಕ್ಕೆ ಬಲವಂತ ಮಾಡಬೇಡಿ. ಮನಸ್ಸಿದ್ದವರು ಮಾತ್ರ ಹಾಡಲಿ. ಆ ಹೊತ್ತಿಗೆ ಅವರಿಗೂ ಸಂಭಾವನೆ ಇರಲಿ, ಆ ದಿನ ಕೆಲಸಕ್ಕೆ ರಜೆ ಕೊಡಿಸಿ, ಪತ್ರಿಕೆಯಲ್ಲಿ ಹೆಸರು ಹಾಕಿ. ಅವರು ಹಾಡುವಾಗ ಅವರ ಮನೆಯವರೂ ಮಕ್ಕಳೂ ಮುಂದೆ ಕೂತು ನೋಡುವಂತಾಗಲಿ.

11. ಹೊರಡುವ ಹೊತ್ತು

ರಾತ್ರಿ ಹತ್ತರ ಮೇಲೆ ಮೆಜೆಸ್ಟಿಕ್ಕಿಗೋ ಸ್ಯಾಟಲೈಟ್ ನಿಲ್ದಾಣಕ್ಕೋ ವಾದ್ಯ ಹೊತ್ತುಕೊಂಡು ತಾವೇ ಆಟೊ ಹುಡುಕಿ ಹೋಗುವಂತೆ ಬಿಡಬೇಡಿ. ಉಳಿಯುವವರಿಗೆ ಹಾಸಿಗೆ ಹೊದಿಕೆ ಇರುವ ಜಾಗ ಕೊಡಿ, ಬೆಳಗ್ಗೆ ತಿಂಡಿ ಆದ ಮೇಲೆ ಬಸ್ಸು ಹತ್ತಿಸಿ. ರಾತ್ರಿಯೇ ಹೋಗುವವರಿದ್ದರೆ ಸೀಟು ಮುಂಚೆಯೇ ಕಾಯ್ದಿರಿಸಿ, ಗಾಡಿ ಮಾಡಿ, ಸಮಿತಿಯ ಇಬ್ಬರು ನಿಲ್ದಾಣದವರೆಗೆ ಹೋಗಿ ಬನ್ನಿ. ದಾರಿಗೆ ಬುತ್ತಿ ಕಟ್ಟಿಕೊಡಿ. ಊರು ಮುಟ್ಟಿದ ಮ್ಯಾಲೆ ಫೋನ್ ಮಾಡಿ ಎಂದು ಹೇಳಿ. ಅವರು ಮರೆತರೆ ನೀವೇ ಮಾಡಿ, ಏನು ಚೆನ್ನಾಗಿತ್ತು, ಏನು ತೊಂದರೆಯಾಯಿತು ಕೇಳಿ ಒಂದು ಪುಸ್ತಕದಲ್ಲಿ ಬರೆದಿಡಿ. ಮುಂದಿನ ವರ್ಷದ ಸಮಿತಿಗೆ ಆ ಪುಸ್ತಕ, ತಂಡದ ಮುಖ್ಯಸ್ಥರ ನಂಬರು, ಖರ್ಚಿನ ಲೆಕ್ಕ ಮೂರನ್ನೂ ಒಟ್ಟಿಗೆ ಕೊಟ್ಟುಬಿಡಿ.